ವಾರ ತಪ್ಪಿದ ಆಟ

2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಮುಂದಿನ ಸೀಸನ್ನನ್ನು ತಡೆಹಿಡಿಯಲಾಗಿದೆ ಎಂಬ ಸುದ್ದಿ ಬಂತು. ಮರುದಿನ ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಅದರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಫುಟ್‌ಬಾಲ್ ಮಾತು ಜೋರಾಗಿಯೇ ನಡೆದಿತ್ತು. ಲಿವರ್‌ಪೂಲ್ ಯಾರನ್ನು ಎಷ್ಟು ಕೊಟ್ಟು ಕೊಂಡಿತು, ಆರ್ಸೆನಲ್‌ಗೆ ಕೊನೆಗೂ ಒಬ್ಬ ಗೋಲು ಹೊಡೆಯುವವನು ಸಿಗುತ್ತಾನೆಯೇ ಎಂದೆಲ್ಲ ಚರ್ಚೆ. ಆ ಮೇಜಿನಲ್ಲಿದ್ದ ಇಬ್ಬರು ಒಂದು ಕಾಲದಲ್ಲಿ ನನ್ನ ಪಕ್ಕದಲ್ಲೇ ನಿಂತು ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ಗಂಟಲು ಹರಿದುಕೊಂಡವರು. ನಾನೇ ತಡೆಯಲಾರದೆ, “ಲೀಗ್ ನಿಂತುಹೋಯಿತಂತೆ” ಎಂದೆ. “ಯಾವ ಲೀಗ್?” ಎಂದ ಅವರಲ್ಲೊಬ್ಬ.

ಅವನು ವ್ಯಂಗ್ಯವಾಡಲಿಲ್ಲ. ನಿಜವಾಗಿಯೂ ಹೊಳೆಯದೆ ಕೇಳಿದ. ತಂಡ ಸೋತರೆ ಬೈಯುವವರು, ಕೋಚ್ ಬದಲಾಗಬೇಕೆಂದು ಕೂಗುವವರು, ಟಿಕೆಟ್ ದರ ಏರಿತೆಂದು ಗೊಣಗುವವರು ಇರುವವರೆಗೆ ಆಟಕ್ಕೆ ಅಪಾಯವಿಲ್ಲ. ಅವರು ಸಿಟ್ಟಿನ ರೂಪದಲ್ಲಾದರೂ ಹಾಜರಿ ಹಾಕುತ್ತಿರುತ್ತಾರೆ. ಲೀಗ್ ಇಲ್ಲವಾದರೂ ತನ್ನ ಶನಿವಾರ ಹಾಗೆಯೇ ಇದೆ ಎಂದುಕೊಳ್ಳುವ ಅಭಿಮಾನಿ ಮಾತ್ರ ಎಂದೋ ಎದ್ದು ಹೋಗಿರುತ್ತಾನೆ. ನನ್ನ ಗೆಳೆಯ ಯಾವಾಗ ಎದ್ದು ಹೋದ ಎಂದು ಅವನಿಗೇ ನೆನಪಿಲ್ಲ. ಆ ದಿನದಿಂದ ನಾನು ಈ ಲೆಕ್ಕವನ್ನು ಹಾಕುತ್ತಲೇ ಇದ್ದೇನೆ: ಅಷ್ಟು ಜನ ಎಲ್ಲಿಗೆ ಹೋದರು, ಏಕೆ ಹೋದರು?

ಎಲ್ಲರ ನಾಲಗೆಯ ತುದಿಯಲ್ಲಿರುವ ಉತ್ತರ ಕ್ರಿಕೆಟ್. ನನಗೆ ಈ ಉತ್ತರದ ಮೇಲೆ ಹಿಂದೆಯೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಿಂದ ಕಬ್ಬನ್ ಪಾರ್ಕ್ ಬದಿಯಲ್ಲಿ ನಡೆದುಕೊಂಡು ಹೋದರೆ ಸ್ವಲ್ಪ ಹೊತ್ತಿನಲ್ಲಿ ಕಂಠೀರವ ಸಿಗುತ್ತದೆ. ಹತ್ತು ವರ್ಷಗಳ ಹಿಂದೆಯೂ ಚಿನ್ನಸ್ವಾಮಿ ಅಲ್ಲೇ ಇತ್ತು, ಐಪಿಎಲ್ ಕೂಡ ಇತ್ತು, ಆದರೂ ಕಂಠೀರವ ತುಂಬುತ್ತಿತ್ತು. ಕ್ರಿಕೆಟ್ ನುಂಗುವುದಾಗಿದ್ದರೆ ಆಗಲೇ ನುಂಗಬೇಕಿತ್ತು. ಎರಡನೆಯ ಉತ್ತರ, ಆಟದ ಗುಣಮಟ್ಟ. ಅದೂ ನಿಲ್ಲುವುದಿಲ್ಲ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗಾನ್ ವಿರುದ್ಧ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್‌ನ ತನ್ನ ಮೊದಲ ಪಂದ್ಯವನ್ನು 1-1ರಲ್ಲಿ ಮುಗಿಸಿತು. ಕೃತಕ ಹುಲ್ಲು, ಸಿಮೆಂಟಿನ ಮೆಟ್ಟಿಲು, ಹಗಲಿನ ಬಿಸಿಲು. ಅಲ್ಲಿ ಆಡಿದ ಆಟಕ್ಕಿಂತ ಈಚಿನ ಸೀಸನ್‌ಗಳ ಆಟ ಚುರುಕಾಗಿದೆ, ಪಾಸುಗಳು ಚೊಕ್ಕವಾಗಿವೆ. ಆಟ ಸುಧಾರಿಸಿತು, ನೋಡುವವರು ಕಡಿಮೆಯಾದರು. ಈ ಎರಡೂ ಒಟ್ಟಿಗೆ ಆದದ್ದೇ ನನ್ನನ್ನು ಕಾಡುವ ವಿಷಯ.

ಆ ಮೊದಲ ವರ್ಷದ ಹುರುಪನ್ನು ಕಾಣದವರಿಗೆ ವಿವರಿಸುವುದು ಕಷ್ಟ. ಹೊಸ ತಂಡ, ಆಶ್ಲೆ ವೆಸ್ಟ್‌ವುಡ್ ಎಂಬ ತರುಣ ಇಂಗ್ಲಿಷ್ ಕೋಚ್, ನಾಯಕ ಸುನಿಲ್ ಛೆಟ್ರಿ. ಗೋವಾ, ಕೋಲ್ಕತ್ತದ ಹಳೆಯ ತಂಡಗಳು ಒಂದು ವರ್ಷ ಕಲಿಯಲಿ ಎಂದು ನೋಡುತ್ತಿರುವಾಗಲೇ 2014ರ ಏಪ್ರಿಲ್‌ನಲ್ಲಿ ಗೋವಾದಲ್ಲೇ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಲೀಗ್ ಗೆದ್ದುಬಿಟ್ಟರು. 2016ರಲ್ಲಿ ಮತ್ತೊಮ್ಮೆ. ಅಷ್ಟರಲ್ಲಿ ತಂಡ ಕಂಠೀರವಕ್ಕೆ ಬಂದಿತ್ತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಿಟ್ಟುಕೊಂಡ ಹುಡುಗ ಹುಡುಗಿಯರು ಡೋಲು, ಬ್ಯಾನರು ಹಿಡಿದು ಬಂದು ತೊಂಬತ್ತು ನಿಮಿಷ ಕೂರದೆ ಹಾಡುತ್ತಿದ್ದರು. ಹಾಡದೆ ಕೈಕಟ್ಟಿ ಕುಳಿತವರನ್ನು ತಿರುಗಿ ನೋಡಿ ಏಳಿಸುತ್ತಿದ್ದರು. ಬೆಂಗಳೂರಿನಲ್ಲಿ ಎರಡು ಸಾಲು ಮನೆಗಳಾಚೆ ಯಾರಿದ್ದಾರೆಂದು ಗೊತ್ತಿರುವುದಿಲ್ಲ. ಅಲ್ಲಿ ಗೋಲು ಬಿದ್ದಾಗ ಹೆಸರು ಗೊತ್ತಿಲ್ಲದವರ ಹೆಗಲಿಗೆ ಹೆಗಲು ಸೇರುತ್ತಿತ್ತು.

2016ರ ಅಕ್ಟೋಬರ್ 19ರ ರಾತ್ರಿಯ ಬಗ್ಗೆ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಚರಣ. ಎದುರಿಗೆ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡ. ಅವರ ನೆಲದಲ್ಲಿ 1-1. ಇಲ್ಲಿ ಅವರೇ ಮೊದಲು ಗೋಲು ಹೊಡೆದರು. ಗ್ಯಾಲರಿ ಒಂದು ಕ್ಷಣ ತಣ್ಣಗಾಗಿ, ಮರುಕ್ಷಣವೇ ಮೊದಲಿಗಿಂತ ಜೋರಾಗಿ ಹಾಡತೊಡಗಿತು. ವಿರಾಮಕ್ಕೆ ಮೊದಲು ಛೆಟ್ರಿ ಸಮ ಮಾಡಿದ. ದ್ವಿತೀಯಾರ್ಧದಲ್ಲಿ ಪೆನಾಲ್ಟಿ ಪ್ರದೇಶದ ಹೊರಗಿನಿಂದ ಅವನು ಬಾರಿಸಿದ ಚೆಂಡು ಬಲೆಯ ಮೂಲೆಗೆ ಹೋದದ್ದನ್ನು ನಾನು ನೇರ ಹಿಂದಿನಿಂದ ನೋಡಿದೆ. ಆಮೇಲೆ ಹುವಾನನ್ ತಲೆಯಿಂದ ಮೂರನೆಯದು. ಏಷ್ಯಾ ಮಟ್ಟದ ಆ ಟೂರ್ನಿಯಲ್ಲಿ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್, ಹುಟ್ಟಿ ಮೂರೇ ವರ್ಷವಾಗಿದ್ದ ನಮ್ಮ ಊರಿನದು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದ ಎದುರು 1-0ಯಿಂದ ಸೋತರು. ಸೋತವರ ಬಗ್ಗೆ ಅಷ್ಟು ಹೆಮ್ಮೆ ನನಗೆ ಮತ್ತೆ ಆಗಿಲ್ಲ.

ಅಲ್ಲಿಂದ ಒಂದು ವರ್ಷದೊಳಗೆ ತಂಡ ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್‌ಗೆ ಹೋಯಿತು. ದುಡ್ಡು, ದೀಪ, ಟಿವಿ ಎಲ್ಲ ಅಲ್ಲಿತ್ತು. ನಾವೂ ಸಂಭ್ರಮಿಸಿದೆವು. 2014ರಲ್ಲಿ ಶುರುವಾದ ಆ ಲೀಗ್‌ನ ಮೊದಲ ಸೀಸನ್ನಿಗೆ ಪಂದ್ಯವೊಂದಕ್ಕೆ ಸರಾಸರಿ 24 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಜಗತ್ತಿನ ದೊಡ್ಡ ಲೀಗ್‌ಗಳ ಪಕ್ಕದಲ್ಲಿ ನಿಲ್ಲಿಸಿ ನೋಡಬಹುದಾದ ಸಂಖ್ಯೆ ಅದು. ಸಿನಿಮಾ ತಾರೆಯರು, ಕ್ರಿಕೆಟಿಗರು ಮಾಲೀಕರಾಗಿ ಬಾವುಟ ಬೀಸಿದರು. ದೆಲ್ ಪಿಯರೊನಂಥ ವಯಸ್ಸಾದ ಮಹಾನ್ ಆಟಗಾರರು ಕೊನೆಯ ಸುತ್ತಿಗೆ ಬಂದರು. ಬೆಂಗಳೂರು ಸೇರಿದ ಮೊದಲ ವರ್ಷವೇ ಫೈನಲ್‌ಗೆ ಹೋಗಿ, 2018ರ ಮಾರ್ಚ್‌ನಲ್ಲಿ ಕಂಠೀರವದಲ್ಲೇ ಚೆನ್ನೈಯಿನ್‌ಗೆ 3-2ರಿಂದ ಸೋತಿತು. ಮರುವರ್ಷ ಮುಂಬೈಯಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಗೆದ್ದಿತು. ಸೀಸನ್ ಟಿಕೆಟ್, ನೀಲಿ ಜರ್ಸಿ, ಪಂದ್ಯ ಮುಗಿದ ಮೇಲೆ ಸಂಪಂಗಿರಾಮನಗರದ ಯಾವುದೋ ಗಾಡಿಯ ಮುಂದೆ ಆಟದ ಪೋಸ್ಟ್‌ಮಾರ್ಟಂ. ಕಂಠೀರವ ನಿಂತಿರುವ ಜಾಗ ಹಿಂದೆ ಸಂಪಂಗಿ ಕೆರೆಯಾಗಿತ್ತು. ಕರಗದ ಆಚರಣೆಗೆ ಬೇಕೆಂದು ಉಳಿಸಿಕೊಂಡ ಸಣ್ಣದೊಂದು ಕೊಳ ಈಗಲೂ ಪಕ್ಕದಲ್ಲಿದೆ. ಮಳೆ ಬಂದಾಗ ಮೈದಾನದ ಸುತ್ತ ನಿಲ್ಲುವ ನೀರನ್ನು ನೋಡಿ ಕೆರೆ ಹಳೆಯ ವಿಳಾಸಕ್ಕೆ ಬಂದಿದೆ ಎಂದು ನಗುತ್ತಿದ್ದೆವು.

ಈಗ ಯೋಚಿಸಿದರೆ, ಆ ಲೀಗ್ ನಮ್ಮನ್ನು ಸಾಕಿದ ಕ್ರಮದಲ್ಲೇ ಒಂದು ಕೊರತೆ ಇತ್ತು. ಕೆಳಗೆ ಬಿದ್ದರೆ ಕೆಳಗಿನ ಲೀಗ್‌ಗೆ ಇಳಿಯುವ ಭಯ ಯಾರಿಗೂ ಇರಲಿಲ್ಲ. ವಂತಿಗೆ ಕಟ್ಟಿದ ಫ್ರಾಂಚೈಸಿಗೆ ಖಾಯಂ ಜಾಗ. ಜನವರಿಯಲ್ಲಿ ಎಂಟನೆಯ ಸ್ಥಾನದಲ್ಲಿರುವ ತಂಡದ ಪಂದ್ಯಕ್ಕೆ ಫೆಬ್ರವರಿಯ ಬುಧವಾರ ರಾತ್ರಿ ಏಕೆ ಹೋಗಬೇಕು? ಗೆದ್ದರೆ ಏಳನೆಯದು, ಸೋತರೆ ಒಂಬತ್ತನೆಯದು, ಮುಂದಿನ ವರ್ಷ ಎಲ್ಲರೂ ಮತ್ತೆ ಅಲ್ಲೇ. ಇಂಗ್ಲೆಂಡಿನಲ್ಲಿ ಹದಿನೇಳನೆಯ ಸ್ಥಾನಕ್ಕಾಗಿ ಅಳುವವರನ್ನು ನಾವು ಟಿವಿಯಲ್ಲಿ ನೋಡುತ್ತೇವೆ. ಆ ಅಳುವಿನಲ್ಲಿ ಅರ್ಧ ಆಟವಿದೆ. ಐ-ಲೀಗ್‌ನಿಂದ ಮೇಲೇರುವ ಬಾಗಿಲು ತೆರೆದದ್ದು 2023ರಲ್ಲಿ, ಪಂಜಾಬ್ ತಂಡ ಬಂದಾಗ. ಇಳಿಯುವ ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ಇನ್ನು ತಂಡಗಳ ವಿಳಾಸಗಳ ಕತೆ. ಇದನ್ನು ಹೇಳುವಾಗ ನನಗೆ ನಗು ತಡೆಯಲಾಗುವುದಿಲ್ಲ. 2019ರಲ್ಲಿ ದೆಹಲಿಯ ತಂಡ ಗಂಟುಮೂಟೆ ಕಟ್ಟಿಕೊಂಡು ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆಯ ತಂಡ ಮುಚ್ಚಿಹೋಗಿ ಆ ಜಾಗಕ್ಕೆ ಹೈದರಾಬಾದ್ ಬಂತು. ಹೈದರಾಬಾದ್ 2022ರಲ್ಲಿ ಚಾಂಪಿಯನ್ ಆಯಿತು. ಮೂರು ವರ್ಷ ಕಳೆಯುತ್ತಲೇ ಅದು ದೆಹಲಿಗೆ ಹೋಗಿ ಹೊಸ ಹೆಸರಿಟ್ಟುಕೊಂಡಿತು. ಹೈದರಾಬಾದಿನಲ್ಲಿ ಒಬ್ಬ ಹುಡುಗ ಹತ್ತನೆಯ ವಯಸ್ಸಿನಲ್ಲಿ ಹಳದಿ ಜರ್ಸಿ ತೊಟ್ಟಿದ್ದರೆ ಹೈಸ್ಕೂಲು ಮುಗಿಸುವ ಹೊತ್ತಿಗೆ ಅವನ ತಂಡ ಭೂಪಟದಲ್ಲೇ ಇಲ್ಲ. ಅವನಿಗೆ ಇನ್ನೊಂದು ತಂಡ ಆರಿಸಿಕೊ ಎನ್ನಲಾದೀತೇ? ಕೋಲ್ಕತ್ತದಲ್ಲಿ ಮಾತ್ರ ಈ ಆಟ ನಡೆಯಲಿಲ್ಲ. 2020ರಲ್ಲಿ ಎಟಿಕೆ ಎಂಬ ಫ್ರಾಂಚೈಸಿ ತಂಡದ ಜೊತೆ ಸೇರಿಸಿ ಮೋಹನ್ ಬಾಗಾನ್ ಹೆಸರಿನ ಹಿಂದೆ ಮೂರಕ್ಷರ ಅಂಟಿಸಿದಾಗ ಅಭಿಮಾನಿಗಳು ವರ್ಷಗಟ್ಟಲೆ ಬೀದಿಯಲ್ಲೂ ಗ್ಯಾಲರಿಯಲ್ಲೂ ಪ್ರತಿಭಟಿಸಿ 2023ರಲ್ಲಿ ಅದನ್ನು ಕೀಳಿಸಿದರು. 2025ರ ಏಪ್ರಿಲ್ ಫೈನಲ್‌ನಲ್ಲಿ ಸಾಲ್ಟ್ ಲೇಕ್ ಕ್ರೀಡಾಂಗಣ ತುಂಬಿ ತುಳುಕುತ್ತಿದ್ದಾಗ ಅವರು ನಮ್ಮನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲಿಸಿದರು. ಆ ಗ್ಯಾಲರಿಯನ್ನು ಟಿವಿಯಲ್ಲಿ ನೋಡುತ್ತ ನನಗಾದದ್ದು ಹೊಟ್ಟೆಕಿಚ್ಚು. ಸೋಲಿಗಿಂತ ಅದೇ ಹೆಚ್ಚು ಚುಚ್ಚಿತು.

ಕೋವಿಡ್ ಬಂದಾಗ 2020-21 ಮತ್ತು 2021-22ರ ಪಂದ್ಯಗಳನ್ನೆಲ್ಲ ಗೋವಾದಲ್ಲಿ, 2022ರ ಫೈನಲ್ ಬಿಟ್ಟರೆ ಪ್ರೇಕ್ಷಕರಿಲ್ಲದೆ ಆಡಿಸಿದರು. ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ನಮ್ಮ ತಂಡ ಎರಡು ಸೀಸನ್ ಪೂರ್ತಿ ಊರಿನಲ್ಲಿ ಕಾಲಿಡಲಿಲ್ಲ, ಅದೂ ಅದು ತೀರಾ ಸಾಧಾರಣವಾಗಿ ಆಡಿದ ಕಾಲದಲ್ಲಿ. ಅಭಿಮಾನವನ್ನು ನಾವು ಪ್ರೀತಿ, ರಕ್ತ, ಉಸಿರು ಎಂದೆಲ್ಲ ಕರೆಯುತ್ತೇವೆ. ನನ್ನ ಅನುಭವದಲ್ಲಿ ಅದು ಬಹುಪಾಲು ರೂಢಿ. ಶನಿವಾರ ಸಂಜೆ ಐದಕ್ಕೆ ಮನೆಯಿಂದ ಹೊರಡುವುದು, ಒಂದೇ ಗೇಟಿನ ಬಳಿ ಅದೇ ನಾಲ್ವರು ಸೇರುವುದು, ತಡವಾಗಿ ಬರುವವನನ್ನು ಬೈಯುವುದು. ಹಾಲಿಗೆ ಹಾಕಿದ ಹೆಪ್ಪಿನಂತೆ ಅದು, ಪಾತ್ರೆಯನ್ನು ಅಲುಗಾಡಿಸದೆ ಬಿಡಬೇಕು. ಎರಡು ವರ್ಷ ಆ ಸಂಜೆಗಳು ಬೇರೆ ಕೆಲಸಗಳಿಂದ ತುಂಬಿಕೊಂಡವು. ನಾಲ್ವರಲ್ಲಿ ಒಬ್ಬ ಮದುವೆಯಾದ, ಒಬ್ಬ ಸರ್ಜಾಪುರದಾಚೆ ಮನೆ ಕೊಂಡ. ಅಲ್ಲಿಂದ ವಾರದ ದಿನ ರಾತ್ರಿ ಏಳೂವರೆಯ ಪಂದ್ಯಕ್ಕೆ ಬರುವುದೆಂದರೆ ಅರ್ಧ ದಿನ ರಜೆ ಹಾಕಬೇಕು. ಬಾಗಿಲು ತೆರೆದ ಮೇಲೆ ಆಟ ಮರಳಿತು, ಆ ನಾಲ್ವರು ಮರಳಲಿಲ್ಲ.

ಮನೆಯಲ್ಲಿ ಕುಳಿತು ನೋಡಿದರಾಯಿತು ಎನ್ನುವವರಿಗೂ ನೆಮ್ಮದಿ ಕೊಡಲಿಲ್ಲ. ಇಷ್ಟು ವರ್ಷ ಸ್ಟಾರ್ ವಾಹಿನಿಗಳಲ್ಲಿ ಬರುತ್ತಿದ್ದ ಲೀಗ್ 2023ರಲ್ಲಿ ಸ್ಪೋರ್ಟ್ಸ್18 ಮತ್ತು ಜಿಯೋ ಸಿನಿಮಾಕ್ಕೆ ಹೋಯಿತು. ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ರಿಮೋಟ್ ಒತ್ತಿ ಒತ್ತಿ ಹಳೆಯ ಚಾನೆಲ್‌ನಲ್ಲಿ ಆಟ ಸಿಗದೆ, “ಈ ವರ್ಷ ನಿಲ್ಲಿಸಿಬಿಟ್ಟರೇನು?” ಎಂದು ನನ್ನನ್ನು ಕೇಳಿದರು. ಹೊಸ ಜಾಗದ ಬಗ್ಗೆ ತಿಳಿಸಿದೆ. ಮೊಬೈಲಿನಲ್ಲಿ ನೋಡುವುದಕ್ಕೆ ಕಣ್ಣು ಸಾಲದು ಎಂದರು. ಅಲ್ಲಿಗೆ ಒಬ್ಬ ಪ್ರೇಕ್ಷಕ ಕಡಿಮೆಯಾದ. ಇಂಥವರು ಯಾವ ಅಂಕಿಅಂಶದಲ್ಲೂ ಸಿಟ್ಟಾಗಿ ಹೋದವರೆಂದು ದಾಖಲಾಗುವುದಿಲ್ಲ.

ಕೆಲವರು ಛೆಟ್ರಿಯತ್ತ ಬೊಟ್ಟು ಮಾಡುತ್ತಾರೆ: ಒಬ್ಬನನ್ನೇ ನೆಚ್ಚಿ ಕಟ್ಟಿದ ಮನೆ, ಅವನಿಗೆ ವಯಸ್ಸಾದಂತೆ ಮನೆಗೂ ವಯಸ್ಸಾಯಿತು ಎಂದು. ಇದರಲ್ಲಿ ಹುರುಳಿದೆ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತು. ಛೆಟ್ರಿ ಮೂರು ಗೋಲು ಹೊಡೆದ. ಅದನ್ನು ನೋಡಿದವರು 2,569 ಜನ. ಮರುದಿನ ಅವನು ವಿಡಿಯೊ ಮಾಡಿ, ಬೈಯಬೇಕಾದರೂ ಮೈದಾನಕ್ಕೆ ಬಂದು ಬೈಯಿರಿ ಎಂದು ಕೈಮುಗಿದ. ಮುಂದಿನ ಪಂದ್ಯದ ಟಿಕೆಟ್ ಪೂರ್ತಿ ಮಾರಾಟವಾಯಿತು. ಆಗ ಎಲ್ಲರೂ ಹೊಗಳಿದರು, ನಾನೂ ಆ ವಿಡಿಯೊವನ್ನು ಹತ್ತಾರು ಜನರಿಗೆ ಕಳುಹಿಸಿದೆ. ಈಗ ಅದನ್ನು ನೆನೆದರೆ ಸಂಕಟವಾಗುತ್ತದೆ. ದೇಶದ ಅತಿಹೆಚ್ಚು ಗೋಲು ಹೊಡೆದ ಆಟಗಾರ, ಪಂದ್ಯದ ಮರುದಿನ ವಿಶ್ರಾಂತಿ ಪಡೆಯುವುದು ಬಿಟ್ಟು ಟಿಕೆಟ್ ಮಾರುವ ಕೆಲಸವನ್ನೂ ಮಾಡಬೇಕಾಯಿತು. ಅದಕ್ಕೆಂದೇ ಸಂಬಳ ಪಡೆಯುವವರು ಏನು ಮಾಡುತ್ತಿದ್ದರು? 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಣ್ಣೀರಿನೊಂದಿಗೆ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದವನನ್ನು ಮರುವರ್ಷದ ಮಾರ್ಚ್‌ನಲ್ಲಿ, ನಲವತ್ತರ ವಯಸ್ಸಿನಲ್ಲಿ, ಮತ್ತೆ ಕರೆಸಿಕೊಂಡರು. ಗೋಲು ಹೊಡೆಯುವವರು ಬೇರೆ ಸಿಕ್ಕಿರಲಿಲ್ಲ.

ರಾಷ್ಟ್ರೀಯ ತಂಡದ ಕುಸಿತವೂ ಈ ಲೆಕ್ಕಕ್ಕೆ ಸೇರುತ್ತದೆ. 2023ರ ಜೂನ್, ಜುಲೈಯಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ಕಂಠೀರವದಲ್ಲೇ ನಡೆಯಿತು. ಪಾಕಿಸ್ತಾನದ ವಿರುದ್ಧ ಸುರಿಯುವ ಮಳೆಯಲ್ಲಿ ಛೆಟ್ರಿಯ ಹ್ಯಾಟ್ರಿಕ್, 4-0. ಫೈನಲ್‌ನಲ್ಲಿ ಕುವೈತ್ ವಿರುದ್ಧ ಪೆನಾಲ್ಟಿಗಳಲ್ಲಿ ಗೆಲುವು. ಆ ರಾತ್ರಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ‘ವಂದೇ ಮಾತರಂ’ ಇಡೀ ಕ್ರೀಡಾಂಗಣದ ಬಾಯಲ್ಲಿತ್ತು. ಅದೇ ತಿಂಗಳು ಭಾರತ ವಿಶ್ವ ಶ್ರೇಯಾಂಕದಲ್ಲಿ 99ಕ್ಕೆ ಏರಿತು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಮೂರೂ ಪಂದ್ಯ ಸೋತು ಒಂದೂ ಗೋಲು ಹೊಡೆಯದೆ ಮರಳಿತು. 2025ರ ಕೊನೆಗೆ ಶ್ರೇಯಾಂಕ 142. ಮುಂದಿನ ಏಷ್ಯನ್ ಕಪ್‌ಗೆ ಅರ್ಹತೆಯೂ ಸಿಗಲಿಲ್ಲ. ಎರಡೂವರೆ ವರ್ಷಗಳ ಹಿಂದೆ ಅಷ್ಟು ಜನರನ್ನು ಮಳೆಯಲ್ಲಿ ನಿಲ್ಲಿಸಿದ್ದ ಆಟ ಇದೇ. ಹಾಗಾಗಿ ಈ ಊರಿಗೆ ಫುಟ್‌ಬಾಲ್ ಬೇಡವಾಗಿದೆ ಎಂದು ಯಾರಾದರೂ ಹೇಳಿದರೆ ನನಗೆ ರೇಗುತ್ತದೆ.

ಹಾಗೆ ನೋಡಿದರೆ ಈ ಊರಿಗೆ ಫುಟ್‌ಬಾಲ್ ಬಂದದ್ದು 2013ರಲ್ಲಿ ಅಲ್ಲ. 1937ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ತಂಡ ಬೊಂಬಾಯಿಗೆ ಹೋಗಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಅನ್ನು ಸೋಲಿಸಿ, ಅಲ್ಲಿಯವರೆಗೆ ಬ್ರಿಟಿಷ್ ಸೇನಾ ತಂಡಗಳ ಸೊತ್ತಾಗಿದ್ದ ರೋವರ್ಸ್ ಕಪ್ ಎತ್ತಿತು. ಮರುವರ್ಷ ಮತ್ತೆ ಗೆದ್ದಿತು. ಸ್ವತಂತ್ರ ಭಾರತ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಹೊಡೆದ ಏಕೈಕ ಗೋಲು ಸಾರಂಗಪಾಣಿ ರಾಮನ್ ಅವರದು, ಅವರು ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಇಲ್ಲಿಂದ ಹೋಗಿ ಈಸ್ಟ್ ಬೆಂಗಾಲ್‌ನ ‘ಪಂಚಪಾಂಡವ’ರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದ ಕೆಂಪಯ್ಯ ಇಲ್ಲಿಯವರು. ತೊಂಬತ್ತರ ದಶಕದ ಕಾರ್ಲ್‌ಟನ್ ಚಾಪ್‌ಮನ್ ಆಸ್ಟಿನ್ ಟೌನ್‌ನ ಹುಡುಗ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಬೇರೆ ಬೀದಿಗಳಲ್ಲಿ ರಾಜಕಾರಣಿಗಳು ನಿಂತಿರುವ ಜಾಗದಲ್ಲಿ ಅಲ್ಲಿ ಚೆಂಡು ಒದ್ದವನು ನಿಂತಿದ್ದಾನೆ. ಐಟಿಐ, ಎಚ್‌ಎಎಲ್, ಬಿಇಎಂಎಲ್, ಎಂಇಜಿ ತಂಡಗಳು ಆಡುತ್ತಿದ್ದ ಕಾಲದಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಜನ ನೇರ ಸ್ಟೇಡಿಯಂಗೆ ಬರುತ್ತಿದ್ದರು. ಮೈದಾನದಲ್ಲಿ ಆಡುವವನು ಅವರ ವಿಭಾಗದಲ್ಲೇ ಕೆಲಸ ಮಾಡುವವನು, ನಾಳೆ ಬೆಳಿಗ್ಗೆ ಪಕ್ಕದ ಯಂತ್ರದ ಮುಂದೆ ನಿಲ್ಲುವವನು. ತಪ್ಪು ಪಾಸ್ ಕೊಟ್ಟರೆ ಅವನಿಗೆ ಟೀ ವಿರಾಮದಲ್ಲಿ ವಿಚಾರಣೆ ಕಾದಿರುತ್ತಿತ್ತು.

ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ಕೆಲಸ ಕೊಡುವುದನ್ನು ಕಡಿಮೆ ಮಾಡಿದಂತೆ ಆ ವ್ಯವಸ್ಥೆ ಸೊರಗಿತು. ಎಚ್‌ಎಎಲ್ 2011-12ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷ ಬೆಂಗಳೂರು ಎಫ್‌ಸಿ ಬಂತು. ಆಗ ಹಳೆಯ ಊರಿನ ಫುಟ್‌ಬಾಲ್ ಮತ್ತು ಹೊಸ ಊರಿನ ಫುಟ್‌ಬಾಲ್ ಕೈಹಿಡಿಯಬಹುದಿತ್ತು. ಹಿಡಿಯಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಕತೆಯ ಗಂಟು ಇಲ್ಲಿದೆ. ಪಶ್ಚಿಮ ಗ್ಯಾಲರಿಯಲ್ಲಿದ್ದ ನಾವು ಯಾರು? ಐಟಿ ಕಂಪನಿಗಳವರು, ಕಾಲೇಜಿನವರು, ಯುರೋಪಿನ ಆಟ ನೋಡಿ ಹಾಡುವುದನ್ನು ಕಲಿತವರು. ಮೂರು ವರ್ಷಕ್ಕೊಮ್ಮೆ ಮನೆ, ಐದು ವರ್ಷಕ್ಕೊಮ್ಮೆ ಊರನ್ನೇ ಬದಲಿಸುವ ಜನ. ಆಸ್ಟಿನ್ ಟೌನ್, ಗೌತಮಪುರ, ಶಿವಾಜಿನಗರ, ದೂರವಾಣಿನಗರದ ಕುಟುಂಬಗಳಲ್ಲಿ ಆಟ ಅಪ್ಪನಿಂದ ಮಗನಿಗೆ ಬಂದಿತ್ತು. ಅವರು ನಮ್ಮ ಗ್ಯಾಲರಿಯಲ್ಲಿ ಕಾಣಿಸುತ್ತಿದ್ದುದು ಅಪರೂಪ. ನಾವು ಚದುರಿಹೋದಾಗ ತುಂಬಿಕೊಳ್ಳಲು ಹಿಂದೆ ಯಾರೂ ಇರಲಿಲ್ಲ.

ಎಚ್‌ಎಎಲ್‌ನಿಂದ ನಿವೃತ್ತರಾದ, ಒಂದು ಕಾಲದಲ್ಲಿ ಲೀಗ್ ಆಡಿದ ಹಿರಿಯರೊಬ್ಬರನ್ನು ಈ ಬಗ್ಗೆ ಕೇಳಿದೆ. ಅಶೋಕನಗರದ ಸ್ಟೇಡಿಯಂನಲ್ಲಿ ಊರಿನ ಲೀಗ್ ಆದ ಸೂಪರ್ ಡಿವಿಷನ್‌ನ ಪಂದ್ಯ ನಡೆಯುತ್ತಿತ್ತು, ಗ್ಯಾಲರಿಯಲ್ಲಿ ಎಣಿಸಬಹುದಾದಷ್ಟು ಜನ.

“ಕಂಠೀರವಕ್ಕೆ ಹೋಗುತ್ತೀರಾ ಸಾರ್?”

“ಒಮ್ಮೆ ಮೊಮ್ಮಗ ಕರೆದುಕೊಂಡು ಹೋಗಿದ್ದ. ಚೆನ್ನಾಗಿ ಆಡುತ್ತಾರೆ, ಸುಳ್ಳು ಹೇಳಬಾರದು. ಆದರೆ ಅದರಲ್ಲಿ ನಮ್ಮ ಹುಡುಗ ಯಾರಿದ್ದಾನೆ ಹೇಳಿ?”

“ಛೆಟ್ರಿ ಇದ್ದಾರಲ್ಲ, ಈಗ ಅವರೂ ಇಲ್ಲಿಯವರೇ ಆಗಿದ್ದಾರೆ.”

“ಅದು ಸರಿಯಪ್ಪ. ನಾನು ಕೇಳಿದ್ದು ಈ ಗಲ್ಲಿಯವನು ಯಾರು ಅಂತ.”

ಶಂಕರ್ ಸಂಪಂಗಿರಾಜ್, ಲಿಯೋನ್ ಆಗಸ್ಟಿನ್ ಎಂದು ಎರಡು ಹೆಸರು ಹೇಳಿದೆ. ಅವರಿಬ್ಬರನ್ನೂ ಅವರು ಬಲ್ಲರು. “ಇಬ್ಬರೂ ಎಷ್ಟು ವರ್ಷ ಮೊದಲ ಹನ್ನೊಂದರಲ್ಲಿ ಆಡಿದರು?” ಎಂದು ಕೇಳಿ, ನಾನು ಯೋಚಿಸುವಷ್ಟರಲ್ಲಿ ಮೈದಾನದತ್ತ ತಿರುಗಿ ಲೈನ್ಸ್‌ಮನ್‌ಗೆ ಬೈಯತೊಡಗಿದರು. ಕ್ಲಬ್ ಬಳ್ಳಾರಿಯ ಕಡೆ ವಸತಿ ಅಕಾಡೆಮಿ ನಡೆಸುತ್ತದೆ, ಮಣಿಪುರ, ತಮಿಳುನಾಡಿನಿಂದ ಒಳ್ಳೊಳ್ಳೆಯ ಹುಡುಗರು ಬಂದಿದ್ದಾರೆ ಎಂದೆಲ್ಲ ನನ್ನ ಬಳಿ ವಾದವಿತ್ತು. ಅವರಿಗೆ ಬೇಕಾಗಿದ್ದುದು ವಾದವಲ್ಲ.

2023ರ ಮಾರ್ಚ್ ಮೊದಲ ವಾರ ಈ ಎರಡು ಊರುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿತು. 3ರ ರಾತ್ರಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್ ಪಂದ್ಯ. ಕೇರಳದವರು ಬಂದಾಗ ಕ್ರೀಡಾಂಗಣದ ದೊಡ್ಡ ಭಾಗ ಹಳದಿಯಾಗುತ್ತದೆ, ಊರಿನಲ್ಲಿರುವ ಮಲಯಾಳಿಗಳು ಮಕ್ಕಳು ಮರಿಗಳೊಂದಿಗೆ ಬರುತ್ತಾರೆ. ನಮ್ಮ ಕ್ರೀಡಾಂಗಣ ಪಕ್ಕದ ರಾಜ್ಯದವರಿಂದ ತುಂಬುತ್ತದೆ ಎಂಬುದೇ ಯೋಚಿಸಬೇಕಾದ ಮಾತು. ಹೆಚ್ಚುವರಿ ಸಮಯದಲ್ಲಿ ಎದುರಾಳಿ ಗೋಡೆ ಕಟ್ಟುವ ಮೊದಲೇ ಛೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದ. ಬ್ಲಾಸ್ಟರ್ಸ್ ಕೋಚ್ ತನ್ನ ಆಟಗಾರರನ್ನು ಕರೆದುಕೊಂಡು ಹೊರಟೇಹೋದರು. ವಾರಗಟ್ಟಲೆ ದೇಶ ಅದನ್ನೇ ಮಾತಾಡಿತು. ಮರುದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಗೆದ್ದದ್ದು ಮೈಸೂರು ಎಂಬ ಹೆಸರಿನಲ್ಲಿ, 1968-69ರಲ್ಲಿ. ಈ ಸಲ ಗೆದ್ದ ತಂಡದಲ್ಲಿದ್ದವರು ನಮ್ಮ ಸೂಪರ್ ಡಿವಿಷನ್ ಆಡುವ ಹುಡುಗರು. ಅವರು ಮರಳಿ ಬಂದ ಮೇಲೆ ಕಂಠೀರವದ ಒಂದು ಪಂದ್ಯದ ವಿರಾಮದಲ್ಲಿ ಟ್ರೋಫಿಯೊಂದಿಗೆ ಮೈದಾನ ಸುತ್ತುವುದನ್ನು ನೋಡಲು ನನಗೆ ಆಸೆಯಿತ್ತು. ನಾನು ಹೋದ ಯಾವ ಪಂದ್ಯದಲ್ಲೂ ಅದನ್ನು ಕಾಣಲಿಲ್ಲ. ಪಶ್ಚಿಮ ಗ್ಯಾಲರಿಯ ನನ್ನ ಗೆಳೆಯರಲ್ಲಿ ಆ ಗೆಲುವಿನ ಸುದ್ದಿ ಗೊತ್ತಿದ್ದವರು ಒಬ್ಬರೋ ಇಬ್ಬರೋ.

ಕೊಡಗನ್ನು ನೋಡಿ ಎಂದು ಆಗಾಗ ಹೇಳುತ್ತಿರುತ್ತೇನೆ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ವೃತ್ತಿಪರ ಲೀಗ್ ಇಲ್ಲ, ಫ್ರಾಂಚೈಸಿ ಇಲ್ಲ. ಆದರೂ ಪ್ರತಿ ಬೇಸಿಗೆಯಲ್ಲಿ ನೂರಾರು ಕುಟುಂಬಗಳು ತಂಡ ಕಟ್ಟಿಕೊಂಡು ಬರುತ್ತವೆ, ಒಲಿಂಪಿಯನ್ ಒಬ್ಬನ ಪಕ್ಕದಲ್ಲಿ ಅವನ ಅಜ್ಜನೂ ಚಿಕ್ಕಮ್ಮನೂ ಆಡುವುದುಂಟು. ಅದನ್ನು ಬೆಂಗಳೂರಿನಲ್ಲಿ ನಕಲು ಮಾಡಲಾಗದು, ನನಗೆ ಗೊತ್ತು. ದುಡ್ಡಿನ ಲೀಗ್‌ಗೆ ದುಡ್ಡಿನ ಲೆಕ್ಕವೇ ಬೇಕು. ಆದರೆ ಯಾವ ಒಪ್ಪಂದ ಮುಗಿದರೂ ಕೊಡವರ ಹಬ್ಬ ನಿಲ್ಲುವುದಿಲ್ಲ.

ಇಂಡಿಯನ್ ಸೂಪರ್ ಲೀಗ್ ನಿಂತದ್ದು ಒಂದು ಒಪ್ಪಂದ ಮುಗಿಯುತ್ತ ಬಂದದ್ದರಿಂದ. 2010ರಲ್ಲಿ ಫುಟ್‌ಬಾಲ್ ಫೆಡರೇಷನ್ 700 ಕೋಟಿ ರೂಪಾಯಿಗೆ ಹದಿನೈದು ವರ್ಷಗಳ ವಾಣಿಜ್ಯ ಹಕ್ಕುಗಳನ್ನು ಕೊಟ್ಟಿತ್ತು. ಆ ಅವಧಿ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಈ ದಿನ ಬರುತ್ತದೆಂದು ಹದಿನೈದು ವರ್ಷ ಮೊದಲೇ ಎಲ್ಲರಿಗೂ ಗೊತ್ತಿತ್ತು. ಹೊಸ ಒಪ್ಪಂದ ಆಗಲಿಲ್ಲ. ಫೆಡರೇಷನ್ನಿನ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಸಂಬಳವನ್ನೇ ತಡೆಹಿಡಿಯಿತು. ಅಕ್ಟೋಬರ್‌ನಲ್ಲಿ ಹೊಸ ಟೆಂಡರ್ ಕರೆದರೆ ನವೆಂಬರ್‌ನ ಗಡುವು ಮುಗಿದರೂ ಒಬ್ಬರೂ ಬಿಡ್ ಹಾಕಲಿಲ್ಲ. ಒಂದು ಕಾಲದಲ್ಲಿ ಪಂದ್ಯಕ್ಕೆ ಇಪ್ಪತ್ತನಾಲ್ಕು ಸಾವಿರ ಜನ ಬರುತ್ತಿದ್ದ ಲೀಗ್‌ಗೆ ಬಂದ ಅರ್ಜಿ ಸೊನ್ನೆ. 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರೇ ಮುಂದೆ ಬಂದು, ಫೆಬ್ರವರಿ 14ರಿಂದ ಹದಿನಾಲ್ಕೂ ತಂಡಗಳೊಂದಿಗೆ ಮೊಟಕಾದ ಲೀಗ್ ನಡೆಯುತ್ತದೆಂದು ಪ್ರಕಟಿಸಿದರು. ಒಟ್ಟು 91 ಪಂದ್ಯ. ಪ್ರತಿ ತಂಡ ಎದುರಾಳಿಯನ್ನು ಒಮ್ಮೆ ಮಾತ್ರ ಎದುರಿಸುವುದಿತ್ತು; ಊರಿನಲ್ಲಿ ಸಿಗಲಿದ್ದದ್ದು ಆರೋ ಏಳೋ ಸಂಜೆ.

ಅದನ್ನು ಕೇಳಿ ನಾನು ಹಳೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದೆ. ಗುಂಪಿನ ಹೆಸರಿನಲ್ಲಿ ಇನ್ನೂ 2016 ಎಂದಿದೆ. ಸರ್ಜಾಪುರದ ಗೆಳೆಯ ಒಂದು ಹೆಬ್ಬೆರಳಿನ ಚಿತ್ರ ಕಳುಹಿಸಿದ. ಇನ್ನೊಬ್ಬ ಅಂದು ಪ್ರೇಮಿಗಳ ದಿನ, ಹೆಂಡತಿಯನ್ನು ಕೇಳಬೇಕು ಎಂದ. “ಯಾವ ಲೀಗ್?” ಎಂದಿದ್ದವನು ಮಾತ್ರ ಸಂಜೆ ಕರೆ ಮಾಡಿ, ತನ್ನ ಏಳು ವರ್ಷದ ಮಗಳು ಅಪಾರ್ಟ್‌ಮೆಂಟಿನ ಮಕ್ಕಳ ಜೊತೆ ದಿನವೂ ಚೆಂಡು ಒದೆಯುತ್ತಾಳೆ, ಒಮ್ಮೆ ನಿಜವಾದ ಪಂದ್ಯ ತೋರಿಸಬೇಕು ಎಂದ. ಅವಳ ಜರ್ಸಿಯ ಮೇಲೆ ಯಾರ ಹೆಸರಿದೆ ಎಂದು ಕೇಳಿದೆ. ಮೆಸ್ಸಿ ಎಂದ. ಅಶೋಕನಗರದಲ್ಲಿ ಮುಂದಿನ ವಾರ ಸೂಪರ್ ಡಿವಿಷನ್ ಪಂದ್ಯವಿದ್ದರೆ ಮೊದಲು ಅಲ್ಲಿಗೆ ಹೋಗೋಣ ಎಂದೆ: ಮೈದಾನ ಹತ್ತಿರ, ಆಟಗಾರರು ಕೂಗಿಕೊಳ್ಳುವುದು ಕೇಳಿಸುತ್ತದೆ, ಚೆಂಡು ಹೊರಗೆ ಬಂದರೆ ಅವಳೇ ಎತ್ತಿ ಕೊಡಬಹುದು. “ಅಲ್ಲಿ ಯಾರು ಆಡುತ್ತಾರೆ?” ಎಂದು ಕೇಳಿದ. ಗೌತಮಪುರದ ಒಬ್ಬ ವಿಂಗರ್ ಇದ್ದಾನೆ, ಎಡಗಾಲಿನವನು, ಚೆನ್ನಾಗಿ ಓಡುತ್ತಾನೆ ಎಂದೆ. ಪಂದ್ಯ ಎಷ್ಟು ಗಂಟೆಗೆ ಎಂದು ಕೇಳಿದ. ವಿಚಾರಿಸಿ ಹೇಳುತ್ತೇನೆ ಎಂದೆ. ಅದೆಲ್ಲೂ ಸರಿಯಾಗಿ ಪ್ರಕಟವಾಗಿರಲಿಲ್ಲ.